ಹದಿಮೂರು ಜನಕ್ಕೆ ಒಂದೇ ಮೇಜು: ಹಬ್ಬದ ಊಟಕ್ಕೆ 17 ದಿನದ ಮರಗೆಲಸ

ಹಬ್ಬಕ್ಕೆ ನಮ್ಮ ಮನೆಯಲ್ಲಿ ಸೇರುವುದು 13 ಜನ. ಊಟದ ಮೇಜಿಗೆ ಹಿಡಿಯುವುದು 6 ಜನ. ಹಾಗಾಗಿ ಪ್ರತಿ ಸಲವೂ ಊಟ ಎರಡು ಸುತ್ತು. ಮೊದಲ ಸುತ್ತಿನಲ್ಲಿ ದೊಡ್ಡಪ್ಪ ಯಾವುದೋ ಹಳೇ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾರೆ. ಎರಡನೇ ಸುತ್ತಿನವರು ಪಕ್ಕದ ಕೋಣೆಯಿಂದ "ಏನಂತೆ, ಏನಂತೆ?" ಅಂತ ಕೂಗುತ್ತಾರೆ. ಅವರ ಸರದಿ ಬರುವಷ್ಟರಲ್ಲಿ ದೊಡ್ಡಪ್ಪ ನಿದ್ದೆ ಹೋಗಿರುತ್ತಾರೆ. ಅಮ್ಮ ಯಾವ ಸುತ್ತಿನಲ್ಲಿ ಉಣ್ಣುತ್ತಾಳೆ ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಸಲ ಎಲ್ಲರೂ ಒಟ್ಟಿಗೇ ಕೂರಬೇಕು ಅಂತ ಹಟ ಹಿಡಿದೆ. ನಾನು ಬಡಗಿ ಅಲ್ಲ. ರಜೆ ಸಿಕ್ಕಾಗ ಸ್ಕ್ರೂಡ್ರೈವರ್ ಹಿಡಿಯುವವನು, ಅಷ್ಟೇ. ಆ 17 ದಿನ ನೋಟ್‌ಬುಕ್ಕಿನಲ್ಲಿ ಗೀಚಿಟ್ಟದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಎಡವಟ್ಟು ಮಾಡಿದ ಕಡೆ ಎಡವಟ್ಟು ಅಂತಲೇ ಬರೆದಿದ್ದೇನೆ.

ಹಬ್ಬಕ್ಕೆ 17 ದಿನ: ಅಳತೆ

ಮೇಜು ಅಜ್ಜನ ಕಾಲದ್ದು, ಗಟ್ಟಿ ಮರ. ಉದ್ದ 152 ಸೆಂ.ಮೀ, ಅಗಲ 91, ಎತ್ತರ 76. ಮೇಲಿನ ಹಲಗೆ 25 ಮಿ.ಮೀ ದಪ್ಪ. ಎರಡೂ ತುದಿಯಲ್ಲಿ ಹಲಗೆ ಕಾಲಿನಿಂದ 15 ಸೆಂ.ಮೀ ಆಚೆ ಚಾಚಿಕೊಂಡಿದೆ. ಈ 15 ಸೆಂಟಿಮೀಟರೇ ಮುಂದೆ ನನ್ನನ್ನು ಕಾಪಾಡಿತು, ಒಮ್ಮೆ ಅಳಿಸಿತು ಕೂಡ.

ಮೊಣಕೈಗೆ ಮೊಣಕೈ ತಾಗದೆ ಉಣ್ಣಲು ಒಬ್ಬರಿಗೆ 60 ಸೆಂ.ಮೀ ಅಗಲ ಬೇಕು. 55 ಆದರೂ ನಡೆಯುತ್ತದೆ. 50 ಆದರೆ ಜಗಳ. ಹಳೇ ಮೇಜಿನ ಒಂದು ಬದಿಗೆ 2 ಜನ. ಅದರ ತುದಿಗೆ 183 ಸೆಂ.ಮೀ ಉದ್ದದ ಇನ್ನೊಂದು ಹಲಗೆ ಜೋಡಿಸಿದರೆ ಅದರ ಬದಿಗೆ 3 ಜನ. ಬದಿಗೆ 5ರಂತೆ ಎರಡೂ ಬದಿ ಸೇರಿ 10. ಒಂದು ತುದಿಗೆ ಅಮ್ಮ. ಇನ್ನೊಂದು ತುದಿಗೆ ಪುಟ್ಟ ಮಕ್ಕಳಿಬ್ಬರು, ತಲಾ 45 ಸೆಂ.ಮೀ. ಒಟ್ಟು 13. ಕಾಗದದ ಮೇಲೆ ಎಲ್ಲ ಚೊಕ್ಕ.

ಹಾಲ್‌ನಲ್ಲಿ ಹಿಡಿಯುತ್ತದಾ ಅಂತ ನೋಡಲು ಹಳೇ ಪೇಪರ್‌ಗಳನ್ನು ನೆಲಕ್ಕೆ ಟೇಪ್ ಹಚ್ಚಿ ಅಂಟಿಸಿ, 335 × 91 ಸೆಂ.ಮೀ ಗಾತ್ರದ ಮೇಜಿನ ಗುರುತು ಮಾಡಿದೆ. ಸುತ್ತ ಕುರ್ಚಿ ಇಟ್ಟು ನಾವು ನಾಲ್ವರೂ ಕೂತು ನೋಡಿದೆವು. ಮಗಳಿಗೆ ಇದು ಆಟ. ಪೇಪರ್ ಮೇಲೆ ಕಾಲಿಟ್ಟವರು ಔಟ್. ಹಾಲ್ ಉದ್ದ 480, ಅಗಲ 330. ಬದಿಗಳಲ್ಲಿ ಬೇಕಾದಷ್ಟು ಜಾಗ ಉಳಿಯಿತು. ತುದಿಗಳಲ್ಲಿ ಮಾತ್ರ ತಲಾ 72 ಸೆಂ.ಮೀ. ಕುರ್ಚಿ ಹಿಂದೆ ತಳ್ಳಿ ಆರಾಮಾಗಿ ಏಳಲು 75ರಿಂದ 90 ಬೇಕು ಅಂತ ಗೊತ್ತಿತ್ತು. ಮೂರು ಸೆಂಟಿಮೀಟರ್‌ನಲ್ಲಿ ಏನಾಗುತ್ತೆ ಬಿಡು ಅಂದುಕೊಂಡೆ. ಮೊದಲ ತಪ್ಪು ಇದೇ. ಗೊತ್ತಾಗಿದ್ದು ಹದಿನೈದು ದಿನದ ಮೇಲೆ.

16 ದಿನ: ಅಲುಗಾಟ

ಹೊಸದನ್ನು ಜೋಡಿಸುವ ಮುಂಚೆ ಹಳೇದು ಗಟ್ಟಿ ನಿಲ್ಲಬೇಕಲ್ವಾ? ಅಜ್ಜನ ಮೇಜು ವರ್ಷಗಳಿಂದ ಅಲ್ಲಾಡುತ್ತದೆ. ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಕಾಯಂ ವಾಸ. ಉಳಿದ ಮೂರು ಕಾಲನ್ನು 3 ಮಿ.ಮೀ ಕೊಯ್ದರೆ ಮುಗೀತು ಅಂತ ಗರಗಸ ತಂದೆ. ಹೆಂಡತಿ ಬಾಗಿಲಲ್ಲಿ ನಿಂತು, "ಮೊದಲು ಮೇಜನ್ನ ತಿರುಗಿಸಿ ನೋಡಿ" ಅಂದಳು. ತಿರುಗಿಸಿದೆ. ಕಾಲು ಬದಲಾಯಿತು, ಅಲ್ಲಾಡುವ ಮೂಲೆ ಬದಲಾಗಲಿಲ್ಲ. ತಗ್ಗು ಇದ್ದದ್ದು ನೆಲದಲ್ಲಿ. ಗರಗಸ ಒಳಗೆ ಹೋಯಿತು.

ಆದರೆ ಇನ್ನೊಂದು ಅಲುಗಾಟ ಇತ್ತು. ಮೇಜಿನ ಅಂಚು ಹಿಡಿದು ಉದ್ದಕ್ಕೆ ತಳ್ಳಿದರೆ ಇಡೀ ಮೇಜು ಓಲಾಡುತ್ತಿತ್ತು. ಅದು ನೆಲದ ತಪ್ಪಲ್ಲ. ಒಂದು ತುದಿಯ ಎರಡು ಕಾಲುಗಳಲ್ಲಿ ಅಡ್ಡಪಟ್ಟಿ ಕೂರುವ ಜಾಯಿಂಟ್ ಸಡಿಲ ಆಗಿತ್ತು. ಸಂದಿಗೆ ಬಿಳಿ ಅಂಟು ಸುರಿದು, ಹಗ್ಗ ಬಿಗಿದು ಮಲಗಿದೆ.

15 ದಿನ: ಅಂಟು ಕೈಕೊಟ್ಟಿತು

ಬೆಳಿಗ್ಗೆ ಹಗ್ಗ ಬಿಚ್ಚಿ ತಳ್ಳಿದೆ. ಟಪ್ ಅಂತ ಸದ್ದು, ಮತ್ತೆ ಅದೇ ಓಲಾಟ. ಬಿಳಿ ಅಂಟು ಬರಿ ಮರದೊಳಗೆ ಇಳಿದರೆ ಮಾತ್ರ ಹಿಡಿಯುತ್ತದೆ. ನಾನು ಹಳೇ ಅಂಟಿನ ಮೇಲೆ ಸುರಿದಿದ್ದೆ. ಅರ್ಧ ಬಾಟಲಿ ದಂಡ.

ಈ ಸಲ ಸರಿಯಾಗಿ ಶುರು ಮಾಡಿದೆ. ಮೇಲಿನ ಹಲಗೆಗೆ ಕೆಳಗಿನಿಂದ 8 ಸ್ಕ್ರೂ. ಬಿಚ್ಚಿ ಹಲಗೆಯನ್ನು ಗೋಡೆಗೆ ಒರಗಿಸಿಟ್ಟೆ. ಬಿಚ್ಚುವ ಮುಂಚೆ ಪ್ರತಿ ಕಾಲಿಗೂ, ಅದಕ್ಕೆ ಸೇರುವ ಪಟ್ಟಿಗೂ ಪೆನ್ಸಿಲ್‌ನಲ್ಲಿ ಒಂದೇ ನಂಬರ್ ಬರೆದೆ. ಇಡೀ ಕೆಲಸದಲ್ಲಿ ಯಾರ ಉಪದೇಶವೂ ಇಲ್ಲದೆ ನಾನು ಮಾಡಿದ ಒಂದೇ ಜಾಣತನ ಅದು.

ಜಾಯಿಂಟ್‌ಗೆ ಬಿಸಿ ನೀರು, ಸ್ವಲ್ಪ ವಿನೆಗರ್ ಬೆರೆಸಿ ಅದ್ದಿದ ಬಟ್ಟೆ ಸುತ್ತಿ 20 ನಿಮಿಷ ಬಿಟ್ಟೆ. ಹಳೇ ಕಾಲದ ಅಂಟು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು. ಬಿಸಿ, ನೀರು ಎರಡೂ ತಾಗಿದರೆ ಮೆತ್ತಗಾಗುತ್ತದೆ. ಸುತ್ತಿಗೆಯನ್ನು ಸೀದಾ ಕಾಲಿಗೆ ಹೊಡೆಯದೆ, ನಡುವೆ ಒಂದು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದೆ. ಮೊದಲ ಕಾಲು ಹತ್ತು ನಿಮಿಷಕ್ಕೆ ಬಂತು. ಎರಡನೆಯದು ಒಂದು ಗಂಟೆ ತಿಂದಿತು. ಅದರೊಳಗೆ ಯಾರೋ ಒಂದು ಮೊಳೆ ಹೊಡೆದಿದ್ದರು. ಅಜ್ಜ ಅಂತೂ ಇರಲಾರರು. ಅಪ್ಪನ ಕೈಚಳಕ ಅಂತ ನನ್ನ ಅನುಮಾನ. ಅಮ್ಮನನ್ನು ಕೇಳಿದೆ. ನಕ್ಕಳು, ಬಾಯಿ ಬಿಡಲಿಲ್ಲ.

ಒಳಗಿನ ಅಂಟು ಜೇನಿನ ಬಣ್ಣಕ್ಕಿತ್ತು. ಉಳಿಯಿಂದ ಕೆರೆದೆ, ಬರಿ ಮರ ಕಾಣುವವರೆಗೆ. ಮೂಲೆಗಳಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಉಪಯೋಗಕ್ಕೆ ಬಂತು. ಆಮೇಲೆ ಒಂದು ಇಡೀ ದಿನ ಒಣಗಲು ಬಿಟ್ಟೆ.

14 ದಿನ: ಮೇಜಿನ ಮೇಲಿನ ಉಂಗುರಗಳು

ಕಾಲು ಒಣಗುವಾಗ ಹಲಗೆಗೆ ಕೈ ಹಾಕಿದೆ. ಅದರ ಮೇಲೆ 5 ಉಂಗುರ. ಬಿಸಿ ಪಾತ್ರೆ ಇಟ್ಟ ಗುರುತು. ನಾಲ್ಕು ಬಿಳಿ, ಒಂದು ಕಪ್ಪು.

ಬಿಳಿ ಉಂಗುರ ಅಂದರೆ ತೇವ ಪಾಲಿಶ್‌ನಲ್ಲೇ ಸಿಕ್ಕಿಹಾಕಿಕೊಂಡಿದೆ, ಮರಕ್ಕೆ ಇಳಿದಿಲ್ಲ. ಅದನ್ನು ತೆಗೆಯಬಹುದು. ಒಣ ಹತ್ತಿ ಬಟ್ಟೆ ಮಡಚಿ ಉಂಗುರದ ಮೇಲಿಟ್ಟು, ಇಸ್ತ್ರಿ ಪೆಟ್ಟಿಗೆಯನ್ನು ಎಲ್ಲಕ್ಕಿಂತ ಕಡಿಮೆ ಬಿಸಿಯಲ್ಲಿ, ಹಬೆ ಇಲ್ಲದೆ, ಐದಾರು ಸೆಕೆಂಡ್ ಒತ್ತಬೇಕು. ಎತ್ತಿ ನೋಡಬೇಕು. ಮತ್ತೆ ಒತ್ತಬೇಕು. ತಾಳ್ಮೆಗೆಟ್ಟು ಅರ್ಧ ನಿಮಿಷ ಒತ್ತಿದರೆ ಪಾಲಿಶ್ ಬಟ್ಟೆಗೆ ಅಂಟಿಕೊಳ್ಳುತ್ತದೆ. ಮೊದಲು ಹಲಗೆಯ ಅಡಿಯಲ್ಲಿ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಮಾಡಲಿಲ್ಲ. ಅದೃಷ್ಟ ಚೆನ್ನಾಗಿತ್ತು. ಎಂಟು ಹತ್ತು ಸಲ ಒತ್ತಿದ ಮೇಲೆ ಉಂಗುರ ಮಂಜು ಕರಗಿದ ಹಾಗೆ ಮಾಯ ಆಯಿತು. ಮಗಳು ಇನ್ನೊಂದು ಸಲ, ಇನ್ನೊಂದು ಸಲ ಅಂತ ನಾಲ್ಕನ್ನೂ ತೆಗೆಸಿದಳು. ಕಪ್ಪು ಉಂಗುರ ಹೋಗಲಿಲ್ಲ. ನೀರು ಮರದೊಳಗೇ ಇಳಿದಿತ್ತು. ಅದು ಇರಲಿ ಅಂತ ಬಿಟ್ಟೆ.

ಇಲ್ಲಿ ಒಂದು ವಿಚಿತ್ರ ಕಂಡಿತು. ಐದೂ ಉಂಗುರ ಒಂದೇ ತುದಿಯಲ್ಲಿ, ಅಡುಗೆಮನೆ ಕಡೆಯ ತುದಿಯಲ್ಲಿ. ಮೇಜಿನ ಅಂಚಿನ ಪಾಲಿಶ್ ಸುತ್ತಲೂ ಸವೆದಿತ್ತು. ವರ್ಷಾನುಗಟ್ಟಲೆ ಮುಂಗೈ ಊರಿ ಉಂಡ ಜಾಗ ಅದು. ಒಬ್ಬೊಬ್ಬರು ಕೂರುವ ಕಡೆ ಒಂದೊಂದು ಮಸುಕು ಪಟ್ಟೆ. ಆದರೆ ಉಂಗುರಗಳಿದ್ದ ತುದಿಯ ಅಂಚು ಮಾತ್ರ ನಿನ್ನೆ ಪಾಲಿಶ್ ಹಚ್ಚಿದ ಹಾಗೆ ಮಿಂಚುತ್ತಿತ್ತು. ಆ ಕಡೆ ಒಳ್ಳೇ ಪಾಲಿಶ್ ಹಚ್ಚಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಎಷ್ಟು ದಡ್ಡ ಅಂದರೆ ಅಷ್ಟು ದಡ್ಡ.

13 ದಿನ: ಮತ್ತೆ ಅಂಟು, ಮತ್ತೆ ಹಗ್ಗ

ಕೆರೆದ ಮೇಲೆ ಪಟ್ಟಿಯ ನಾಲಿಗೆ ಕಾಲಿನ ತೂತಿನಲ್ಲಿ ಸಡಿಲ ಆಗಿತ್ತು, ಬದಿಗೆ ಸುಮಾರು ಅರ್ಧ ಮಿ.ಮೀ. ಬಿಳಿ ಅಂಟು ಅಷ್ಟು ದೊಡ್ಡ ಸಂದಿ ತುಂಬುವುದಿಲ್ಲ. ತೆಳ್ಳಗೆ ಸೀಳಿದ ಮರದ ಪದರವನ್ನು ನಾಲಿಗೆಯ ಎರಡೂ ಮುಖಕ್ಕೆ ಅಂಟಿಸಿ, ಒಣಗಿದ ಮೇಲೆ 120 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿದೆ. ಕೈಯಿಂದ ತಳ್ಳಿದರೆ ಒಳಗೆ ಹೋಗಬೇಕು, ಸುತ್ತಿಗೆ ಬೇಡ. ಆ ಹದ ಸಿಗಲು ನಾಲ್ಕು ಸಲ ಹಾಕಿ ತೆಗೆದೆ.

ಬಿಗಿಯಲು ಎರಡು ಉದ್ದನೆಯ ಕ್ಲಾಂಪ್ ಕೊಂಡಿದ್ದೆ. ಇಡೀ ಕೆಲಸದಲ್ಲಿ ಪ್ಲೈವುಡ್ ಬಿಟ್ಟರೆ ದುಬಾರಿ ಅದೇ. ಮನೆಗೆ ತಂದು ನೋಡಿದರೆ ಮೇಜಿನ ಅಗಲಕ್ಕೆ ನಾಲ್ಕು ಬೆರಳು ಸಾಲದು. ಸುಮ್ನೆ ದುಡ್ಡು ಹೋಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಬಟ್ಟೆ ಒಣಹಾಕುವ ಹಗ್ಗ. ಕಾಲುಗಳ ಸುತ್ತ ಎರಡು ಸುತ್ತು ಕಟ್ಟಿ, ನಡುವೆ ಒಂದು ಕೋಲು ತೂರಿಸಿ, ತಿರುಚುತ್ತಾ ಹೋದರೆ ಕ್ಲಾಂಪ್‌ಗಿಂತ ಬಿಗಿ. ಹಗ್ಗ ಮರವನ್ನು ಕಚ್ಚದ ಹಾಗೆ ಮೂಲೆಗಳಿಗೆ ರಟ್ಟು ಇಡಬೇಕು.

ಬಿಗಿದು, ಕೈ ಒರೆಸಿಕೊಂಡು, ಟೀ ಕುಡಿದು ಬಂದೆ. 20 ನಿಮಿಷ ಆಗಿತ್ತು. ಆಗ ನೆನಪಾಯಿತು, ಮೂಲೆಯಿಂದ ಮೂಲೆಗೆ ಅಳೆದೇ ಇಲ್ಲ. ಅಳೆದರೆ ಎರಡು ಅಳತೆಗೂ 9 ಮಿ.ಮೀ ವ್ಯತ್ಯಾಸ. ಚೌಕಟ್ಟು ಸೊಟ್ಟ. ಅಂಟು ಇನ್ನೂ ಪೂರ್ತಿ ಹಿಡಿದಿರಲಿಲ್ಲ. ಉದ್ದ ಬಂದ ಮೂಲೆಗಳಿಗೆ ಅಡ್ಡಡ್ಡ ಇನ್ನೊಂದು ಹಗ್ಗ ಕಟ್ಟಿ ತಿರುಚಿದೆ. 9 ಇದ್ದದ್ದು 6, 4, ಕೊನೆಗೆ 1ಕ್ಕೆ ಬಂತು. ಅಲ್ಲಿಗೆ ಬಿಟ್ಟೆ. ಇನ್ನೊಂದು ಗಂಟೆ ತಡವಾಗಿದ್ದರೆ ಮತ್ತೆ ಬಿಸಿ ನೀರು, ಮತ್ತೆ ಉಳಿ.

24 ಗಂಟೆ ಮುಟ್ಟಬಾರದು ಅಂತ ಮೇಜಿನ ಮೇಲೆ ಚೀಟಿ ಅಂಟಿಸಿದೆ. ಆ ರಾತ್ರಿ ಎಲ್ಲರೂ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಉಂಡೆವು.

10 ದಿನ: ಪ್ಲೈವುಡ್

18 ಮಿ.ಮೀ ಪ್ಲೈವುಡ್, 2440 × 1220ರ ಒಂದು ಹಾಳೆ. ಅಂಗಡಿಯವರೇ ಮೆಷಿನ್‌ನಲ್ಲಿ ಕೊಯ್ದು ಕೊಟ್ಟರು. ಮೇಜಿಗೆ 1830 × 910. ಪಕ್ಕದಲ್ಲಿ ಉಳಿಯುವ 1830 ಉದ್ದದ ಪಟ್ಟಿ ಬೆಂಚಿಗೆ. ತುದಿಯ 610ರ ತುಂಡು ಬೆಂಚಿನ ಕಾಲಿಗೆ. ಗರಗಸ ಪ್ರತಿ ಕೊಯ್ತಕ್ಕೂ ಸುಮಾರು 3 ಮಿ.ಮೀ ತಿನ್ನುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿದ್ದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಹಾಗಾಗಿ ಬೆಂಚಿನ ಅಗಲ 310 ಅಲ್ಲ, 307.

ಮೇಜಿನ ತುಂಡೇ ಸುಮಾರು 20 ಕೆಜಿ. ಒಬ್ಬನೇ ಎತ್ತಲು ಹೋಗಿ ಗೋಡೆಗೆ ಒಂದು ಗೀರು ಬಿತ್ತು. ಕ್ಯಾಲೆಂಡರ್ ನೇತುಹಾಕಿದ್ದೇನೆ.

9 ದಿನ: ಬಾಗುವ ಹಲಗೆ

ಯೋಚನೆ ಹೀಗಿತ್ತು. ಹೊಸ ಹಲಗೆಯ ಒಂದು ತುದಿ ಅಜ್ಜನ ಮೇಜಿನ ಮೇಲೇ ಆನಿಕೊಳ್ಳಬೇಕು, ಇನ್ನೊಂದು ತುದಿಗೆ ಮಾತ್ರ ಎರಡು ಕಾಲು. ನಾಲ್ಕು ಕಾಲು ಕೊಟ್ಟರೆ ಸೇರುವ ಜಾಗದಲ್ಲಿ ಕಾಲುಗಳ ಕಾಡು, ಅಲ್ಲಿ ಕೂತವರ ಮೊಣಕಾಲಿನ ಗತಿ ಗೋವಿಂದ.

ಎರಡು ತುದಿಗೆ ಸ್ಟೂಲ್ ಇಟ್ಟು ಹಲಗೆ ಮಲಗಿಸಿ, ನಡುವೆ 20 ಲೀಟರ್‌ನ ಎರಡು ನೀರಿನ ಕ್ಯಾನ್ ಇಟ್ಟೆ. ಅಂದರೆ 40 ಕೆಜಿ. ಹಲಗೆ ನಡುವೆ ಒಂದೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ಬಾಗಿತು. ಉಣ್ಣುವವರು ಮೊಣಕೈ ಊರಿದರೆ ಲೋಟಗಳೆಲ್ಲ ನಡುವಿಗೆ ಜಾರುತ್ತವೆ.

ಅಡಿಗೆ 70 × 25 ಮಿ.ಮೀ ಮರದ ಎರಡು ಪಟ್ಟಿ ಕೊಟ್ಟೆ. ತೊಡೆಗೆ ಜಾಗ ಸಿಗಲಿ ಅಂತ ಪಟ್ಟಿಗಳನ್ನು ಮಲಗಿಸಿ ಸ್ಕ್ರೂ ಹಾಕಿದೆ. ಮತ್ತೆ ಕ್ಯಾನ್ ಇಟ್ಟೆ. 11 ಮಿ.ಮೀ. 14 ಸ್ಕ್ರೂ ಹಾಕಿದ್ದಕ್ಕೆ ಸಿಕ್ಕ ಲಾಭ ಅಷ್ಟೇ. ಎಲ್ಲ ಬಿಚ್ಚಿ, ಅದೇ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಅಂಟು ಮತ್ತು ಸ್ಕ್ರೂ ಎರಡೂ ಹಾಕಿದೆ. ಮಾರನೇ ದಿನ ಅದೇ ಎರಡು ಕ್ಯಾನ್‌ಗೆ 2 ಮಿ.ಮೀ. ಮಲಗಿಸಿದ ಪಟ್ಟಿಗಿಂತ ನಿಲ್ಲಿಸಿದ ಪಟ್ಟಿ ಹತ್ತಿರ ಹತ್ತಿರ 8 ಪಟ್ಟು ಗಟ್ಟಿ. ತೊಡೆಗೆ ಜಾಗ ಎಷ್ಟು ಉಳಿಯಿತು ಅಂತ ಅಳೆದೆ. ಕುರ್ಚಿ 45 ಎತ್ತರ, ಪಟ್ಟಿಯ ಕೆಳ ಅಂಚು 67. ನಡುವೆ 22 ಸೆಂ.ಮೀ. ನಮ್ಮ ಮನೆಯ ದೊಡ್ಡ ತೊಡೆ ಭಾವನದು. ಅದಕ್ಕೂ ಸಾಕು.

8 ದಿನ: ಅಜ್ಜನ ಮೇಜಿಗೆ ತೂತು

ಬರೆಯಲು ಬೇಜಾರಾಗುವ ಭಾಗ ಇದು.

ಹೊಸ ಹಲಗೆ ಆನಿಕೊಳ್ಳಲು ಅಜ್ಜನ ಮೇಜಿನ ತುದಿಯ ಅಡಿಗೆ ಒಂದು ಪಟ್ಟಿ ಬೇಕು. 30 ಮಿ.ಮೀ ದಪ್ಪ, 20 ಸೆಂ.ಮೀ ಅಗಲ. ಅದರಲ್ಲಿ 14 ಸೆಂ.ಮೀ ಮೇಜಿನ ಅಡಿಯಲ್ಲಿ, 6 ಸೆಂ.ಮೀ ಹೊರಗೆ. ಹಲಗೆ 15 ಸೆಂ.ಮೀ ಚಾಚಿಕೊಂಡದ್ದು ನನ್ನನ್ನು ಕಾಪಾಡಿತು ಅಂದದ್ದು ಇದಕ್ಕೇ.

ಪಟ್ಟಿ 30, ಮೇಲಿನ ಹಲಗೆ 25, ಒಟ್ಟು 55 ಮಿ.ಮೀ. ಸ್ಕ್ರೂ 50 ಮೀರಬಾರದು. ಇದನ್ನು ಕಾಗದದಲ್ಲಿ ಬರೆದು, ಗೆರೆ ಎಳೆದು, ಸುತ್ತ ವೃತ್ತ ಕೂಡ ಹಾಕಿದ್ದೆ. ಮಾಡಿದ್ದೇನು? ಡಬ್ಬಿಯಲ್ಲಿ 50ರ ಜೊತೆ 60ರ ಸ್ಕ್ರೂಗಳೂ ಬೆರೆತಿದ್ದವು. ಐದು ಸ್ಕ್ರೂ ಸರಿಯಾಗಿ ಹೋಯಿತು. ಆರನೆಯದು ಹಾಕುವಾಗ ಮೇಲೆ ಕೈ ಇಟ್ಟುಕೊಂಡಿದ್ದ ಮಗಳು "ಅಪ್ಪಾ, ಚುಚ್ಚಿತು" ಅಂದಳು. ಪುಣ್ಯಕ್ಕೆ ಅವಳಿಗೆ ಗಾಯ ಆಗಲಿಲ್ಲ. ಮೇಜಿಗೆ ಆಯಿತು. ಪಾಲಿಶ್ ಸೀಳಿಕೊಂಡು ಸ್ಕ್ರೂ ತುದಿ ಹೊರಗೆ ಬಂದಿತ್ತು.

ಸ್ಕ್ರೂ ವಾಪಸ್ ತೆಗೆದೆ. ಎದ್ದ ಮರದ ಸಿಬಿರನ್ನು ಕೆಳಗೆ ಒತ್ತಿ ಒಂದು ಹನಿ ಅಂಟು ಬಿಟ್ಟೆ. ಉಳಿದ ತೂತಿಗೆ ಸಣ್ಣ ಮರದ ಪುಡಿ ಮತ್ತು ಅಂಟು ಕಲಸಿ ತುಂಬಿದೆ. ಒಣಗಿದ ಮೇಲೆ ಅದು ಸುತ್ತಲಿನ ಮರಕ್ಕಿಂತ ಕಪ್ಪಾಯಿತು. ಮರದ ಪುಡಿಗೆ ಅಂಟು ಕಲಸಿದರೆ ಯಾವಾಗಲೂ ಹಾಗೇ ಆಗುತ್ತದಂತೆ. ಪಾಲಿಶ್ ಆದ ಮರಕ್ಕೆ ಬಣ್ಣದ ಮೇಣ ತುಂಬಬೇಕಿತ್ತು. ಅಮ್ಮ ಬಂದು ಬೆರಳಾಡಿಸಿ ನೋಡಿದಳು. "ಇರಲಿ ಬಿಡು, ಒಂದು ಕಪ್ಪು ಉಂಗುರ ಇತ್ತು, ಈಗ ಒಂದು ಕಪ್ಪು ಬೊಟ್ಟು" ಅಂದಳು. ಬೈದಿದ್ದರೆ ಹಗುರ ಆಗುತ್ತಿತ್ತು.

ಆವತ್ತಿನಿಂದ ಸ್ಕ್ರೂ ಹಾಕುವ ಮುಂಚೆ ಒಂದೊಂದನ್ನೂ ಮರದ ಪಕ್ಕ ಹಿಡಿದು ನೋಡುತ್ತೇನೆ. ಡ್ರಿಲ್ ಬಿಟ್‌ಗೆ 45 ಮಿ.ಮೀ ಬಳಿ ಬಣ್ಣದ ಟೇಪ್ ಸುತ್ತಿದ್ದೇನೆ. ಇನ್ನೊಂದು ಮಾತು: ಈ ಪಟ್ಟಿ ಹಲಗೆಯ ಎಳೆಗೆ ಅಡ್ಡ ಕೂರುತ್ತದೆ. ಗಟ್ಟಿ ಮರ ತೇವಕ್ಕೆ ಅಗಲದಲ್ಲಿ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಪಟ್ಟಿಯನ್ನು ಕಾಯಂ ಬಿಟ್ಟರೆ ಹಲಗೆ ಸೀಳಬಹುದು. ಅದಕ್ಕೇ ಇಲ್ಲಿ ಅಂಟು ಹಾಕಲಿಲ್ಲ. ಬರಿ ಸ್ಕ್ರೂ, ಹಬ್ಬ ಮುಗಿದ ಮೇಲೆ ಬಿಚ್ಚುವುದು.

7 ದಿನ: 7 ಮಿಲಿಮೀಟರ್

ಹೊಸ ಹಲಗೆಯ ಕಾಲು 74.2 ಸೆಂ.ಮೀ, ಅದರ ಮೇಲೆ 1.8ರ ಪ್ಲೈವುಡ್. 76 ಸರಿಯಾಯಿತು. ಜೋಡಿಸಿ ರಸಮಟ್ಟ ಇಟ್ಟರೆ ಗುಳ್ಳೆ ನಡುವೆ ನಿಲ್ಲುತ್ತಿಲ್ಲ. ಸೇರುವ ಜಾಗದಲ್ಲಿ ಒಂದು ಮೆಟ್ಟಿಲು. ಅಜ್ಜನ ಹಲಗೆ 25 ದಪ್ಪ, ನನ್ನದು 18. ಎರಡೂ ಒಂದೇ ಪಟ್ಟಿಯ ಮೇಲೆ ಕೂತರೆ 7 ಮಿ.ಮೀ ವ್ಯತ್ಯಾಸ ಬರಲೇಬೇಕು. ಮೂರನೇ ಕ್ಲಾಸಿನ ಕಳೆಯುವ ಲೆಕ್ಕ. 6 ಮಿ.ಮೀ ಪ್ಲೈ ತುಂಡು, ಅದರ ಮೇಲೆ ಒಂದು ಪದರ ರಟ್ಟು. ಸರಿಹೋಯಿತು. ಸೇರಿದ ಗೆರೆಯ ಮೇಲೆ ತುಂಬಿದ ಲೋಟ ಆಚೆ ಈಚೆ ಎಳೆದಾಡಿದೆ, ಒಂದು ಹನಿ ಚೆಲ್ಲಲಿಲ್ಲ.

ಅಂಚುಗಳನ್ನು 120, ಆಮೇಲೆ 180ರ ಉಪ್ಪುಕಾಗದದಲ್ಲಿ ಉಜ್ಜಿದೆ. ಪಾಲಿಶ್ ಹಚ್ಚಲಿಲ್ಲ. ಮೇಲೆ ಬಟ್ಟೆ ಬರುತ್ತದೆ, ಯಾರು ನೋಡುತ್ತಾರೆ?

5 ದಿನ: ಬೆಂಚು

ಅರ್ಧ ದಿನದ ಕೆಲಸ. ಸೀಟು 183 × 30.7, ಎತ್ತರ 45, ಮೂರು ಕಡೆ ಆಧಾರ, ಅಡಿಗೆ ಒಂದು ಪಟ್ಟಿ. ಈ ಸಲ ಪಟ್ಟಿ ಮೊದಲೇ ನಿಲ್ಲಿಸಿಯೇ ಹಾಕಿದೆ. ಗೋಡೆ ಕಡೆಗೆ ಬೆಂಚು, ಯಾಕೆಂದರೆ ಬೆಂಚನ್ನು ಹಿಂದೆ ಎಳೆಯಬೇಕಾಗಿಲ್ಲ. ಕುರ್ಚಿಗಳ ಎತ್ತರ 43ರಿಂದ 47ರವರೆಗೆ ಇತ್ತು, ಅದೇನೂ ಗೊತ್ತಾಗುವುದಿಲ್ಲ. ಪುಟ್ಟವರಿಬ್ಬರ ಸ್ಟೂಲಿಗೆ ಮಾತ್ರ 8 ಸೆಂ.ಮೀ ದಪ್ಪದ ದಿಂಬು. ಇಲ್ಲದಿದ್ದರೆ ಮೇಜಿನ ಅಂಚು ಗಲ್ಲಕ್ಕೆ ಬರುತ್ತದೆ.

2 ದಿನ: ರಿಹರ್ಸಲ್

ಎಲ್ಲ ಜೋಡಿಸಿ, ರಾತ್ರಿ ಊಟಕ್ಕೆ ನಾವು ನಾಲ್ವರೇ ಕೂತೆವು. ಅಷ್ಟುದ್ದದ ಮೇಜಿಗೆ ನಾಲ್ಕು ಜನ. ಮಾತಾಡಿದರೆ ಪ್ರತಿಧ್ವನಿ ಬರಬಹುದು ಅಂತ ಹೆಂಡತಿ ತಮಾಷೆ ಮಾಡಿದಳು. ಮೇಜು ಅಲುಗಲಿಲ್ಲ, ಬಾಗಲಿಲ್ಲ. ನಾನು ಮೆಚ್ಚುಗೆಗೆ ಕಾಯುತ್ತಾ ಕೂತಿದ್ದೆ.

ಊಟ ಮುಗಿಯುವ ಹೊತ್ತಿಗೆ ಮಗಳು ನನ್ನ ನೋಟ್‌ಬುಕ್ ಮುಂದೆ ಹಿಡಿದಳು. ಅದರಲ್ಲಿ ಪೆನ್ಸಿಲ್‌ನಲ್ಲಿ ಒಂಬತ್ತು ಗೆರೆ. "ಅಜ್ಜಿ ಒಂಬತ್ತು ಸಲ ಎದ್ದರು" ಅಂದಳು. ಬಡಿಸೋಕೆ, ನೀರಿಗೆ, ಸೌಟಿಗೆ, ಮತ್ತೆ ನೀರಿಗೆ. 72 ಸೆಂ.ಮೀ ಜಾಗದಲ್ಲಿ ಪ್ರತಿ ಸಲ ಅಡ್ಡ ತಿರುಗಿ ನುಸುಳಿಕೊಂಡು. ಐದನೇ ಸಲದಿಂದ ಅವಳು ಕುರ್ಚಿಯ ತುದಿಯಲ್ಲೇ ಕೂತಿದ್ದಳಂತೆ. ನಾನು ಗಮನಿಸಿರಲಿಲ್ಲ. ನಾನು ಮೇಜನ್ನು ನೋಡುತ್ತಿದ್ದೆ.

ಆಗ ಆ ಮಿಂಚುವ ಅಂಚು ನೆನಪಾಯಿತು. ಬಟ್ಟೆ ಎತ್ತಿ ಮತ್ತೆ ನೋಡಿದೆ. ಐದು ಉಂಗುರ ಇದ್ದದ್ದು ಆ ತುದಿಯಲ್ಲಿ, ಸವೆತ ಒಂದಿಷ್ಟೂ ಇಲ್ಲ. ಪಾತ್ರೆಗಳು ಅಲ್ಲಿ ಇರುತ್ತಿದ್ದವು. ಅಮ್ಮ ಅಲ್ಲಿ ನಿಂತಿರುತ್ತಿದ್ದಳು. ಆ ಜಾಗದಲ್ಲಿ ಕೂತು ಯಾರೂ ಉಂಡೇ ಇರಲಿಲ್ಲ.

1 ದಿನ: ಕೊನೇ ಕೆಲಸ

ನಾನು ಮಾಡಿದ ಲೆಕ್ಕವೆಲ್ಲ ಕೂರುವವರದ್ದು. ಏಳುವವರ ಲೆಕ್ಕ ಇರಲಿಲ್ಲ. ಉಳಿದದ್ದು ಒಂದು ದಿನ, ಪ್ಲೈವುಡ್‌ನಲ್ಲಿ ಉಳಿದದ್ದು 61 × 32ರ ಒಂದು ತುಂಡು.

ಮೊದಲು ಇಡೀ ಮೇಜನ್ನು ಮಕ್ಕಳ ತುದಿಯ ಕಡೆ ಸರಿಸಿದೆವು. ಮಕ್ಕಳ ಹಿಂದೆ 55, ಅಮ್ಮನ ಹಿಂದೆ 90. ಪುಟ್ಟವರು ಪಕ್ಕದಿಂದ ನುಸುಳಿ ಕೂರುತ್ತಾರೆ, ಅವರಿಗೆ 55 ಮೈದಾನ. ಆಮೇಲೆ ಆ ಪ್ಲೈ ತುಂಡನ್ನು ಒಂದು ಹಳೇ ಸ್ಟೂಲ್ ಮೇಲೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದೆ. ಸ್ಕ್ರೂ ಪಕ್ಕದಲ್ಲಿ ಹಿಡಿದು ನೋಡಿಯೇ. ಎತ್ತರ 62 ಸೆಂ.ಮೀ, ಮೇಜಿಗಿಂತ 14 ಕಡಿಮೆ. ಹಾಗಾದರೆ ದೊಡ್ಡ ಪಾತ್ರೆಯ ಬಾಯಿ ಕೂತವರ ಕೈಗೆ ಸರಿಯಾಗಿ ಬರುತ್ತದೆ. ಸಮ ಎತ್ತರಕ್ಕೆ ಇಟ್ಟರೆ ಸೌಟು ಹಾಕಲು ಭುಜ ಎತ್ತಬೇಕು. ಅಮ್ಮನ ಬಲಗೈ ಪಕ್ಕ ಇಟ್ಟು, ಅವಳನ್ನೇ ಕೂರಿಸಿ, ಒಂದು ಖಾಲಿ ಪಾತ್ರೆಯಿಂದ ಬಡಿಸುವ ಹಾಗೆ ಮಾಡಿಸಿ ಜಾಗ ಗೊತ್ತು ಮಾಡಿದೆವು. "ಏನೋ ಇದು, ಹುಡುಗಾಟ" ಅಂದಳು. ಆದರೆ ಸ್ಟೂಲನ್ನು ನಾಲ್ಕು ಬೆರಳು ಮುಂದಕ್ಕೆ ತಾನೇ ಎಳೆದುಕೊಂಡಳು.

ನೀರಿನ ಜಗ್ ಮೂರು: ಎರಡು ತುದಿಗೆ ಒಂದೊಂದು, ಸೇರುವ ಗೆರೆಯ ಹತ್ತಿರ ಒಂದು. ಪ್ರತಿ ಪಾತ್ರೆಗೆ ಅದರದೇ ಸೌಟು. ದೂರ ಕೂತವರಿಗೆ ತಟ್ಟೆ ಕೈಯಿಂದ ಕೈಗೆ ಹೋಗಬೇಕು, ಅಮ್ಮ ಹೋಗಬಾರದು. ಈ ಕೊನೆಯ ಉಪಾಯ ಹೆಂಡತಿಯದು. ಇಡೀ 17 ದಿನದಲ್ಲಿ ಖರ್ಚಿಲ್ಲದ ಕೆಲಸ ಇದೊಂದೇ.

ಹಬ್ಬದ ದಿನ

13 ಜನ ಕೂತೆವು. ಭಾವನ ಮೊಣಕಾಲು ಅಜ್ಜನ ಮೇಜಿನ ಕಾಲಿಗೆ ಎರಡು ಸಲ ಬಡಿಯಿತು. ಆ ಜಾಗಕ್ಕೆ ಮುಂದಿನ ಸಲ ಸಣ್ಣಗಿರುವವರನ್ನು ಕೂರಿಸಬೇಕು. ಬೆಂಚಿನ ನಡುವೆ ಕೂತವರು ಏಳಬೇಕಾದರೆ ಪಕ್ಕದವರೂ ಏಳಬೇಕು. ಅದನ್ನು ನಾನು ಯೋಚಿಸಿರಲಿಲ್ಲ. ಅತ್ತಿಗೆ ಯೋಚಿಸಿದ್ದರು, ಅದಕ್ಕೇ ಅಂಚಿನಲ್ಲಿ ಕೂತಿದ್ದರು. ಪಾತ್ರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂದವು. ಹೋಗುವಾಗ ತುಂಬಿದ್ದು ಬರುವಾಗ ಖಾಲಿ. ಮಕ್ಕಳ ತುದಿಯಲ್ಲಿ ಒಂದು ಲೋಟ ನೀರು ಉರುಳಿತು. ನೀರು ಯಾವ ಕಡೆಗೂ ಹರಿಯದೆ ಅಲ್ಲೇ ನಿಂತಿತು. ಮಟ್ಟ ಸರಿ ಇದೆ ಅಂತ ನಾನು ಒಳಗೊಳಗೇ ಖುಷಿಪಟ್ಟೆ. ಉಳಿದವರು ಬಟ್ಟೆ ಹುಡುಕಿದರು.

ದೊಡ್ಡಪ್ಪ ಕಥೆ ಶುರು ಮಾಡಿದರು. ಅಪ್ಪ ಒಮ್ಮೆ ಬಸ್ ತಪ್ಪಿಸಿಕೊಂಡು ರಾತ್ರಿಯೆಲ್ಲ ನಡೆದುಕೊಂಡು ಬಂದ ಕಥೆ. ಎಲ್ಲರೂ ನಗಲು ತಯಾರಾಗಿದ್ದೆವು. ನಡುವೆ ಅಮ್ಮ ಸೌಟು ಕೆಳಗಿಟ್ಟು, "ಹಾಗಲ್ಲ ಭಾವ, ಆವತ್ತು ಬಸ್ ತಪ್ಪಿಸಿಕೊಂಡದ್ದು ನೀವು. ನಿಮ್ಮನ್ನು ಹುಡುಕಿಕೊಂಡು ಅವರು ನಡೆದು ಬಂದದ್ದು" ಅಂದಳು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಮೊದಲು ನಕ್ಕರು. ಆಮೇಲೆ ಮೇಜು ಪೂರ್ತಿ. ಇಷ್ಟು ವರ್ಷ ಅಡುಗೆಮನೆಯಿಂದ ಆ ಕಥೆ ಕೇಳಿಸಿಕೊಂಡು ಸುಮ್ಮನಿದ್ದಳು ಅಂತ ಕಾಣುತ್ತದೆ. ದೊಡ್ಡಪ್ಪ ತಟ್ಟೆ ನೋಡಿಕೊಂಡು, "ಇರಬಹುದು, ಇರಬಹುದು" ಅಂದರು.

ಮಗಳು ಈ ಸಲವೂ ನೋಟ್‌ಬುಕ್ ಹಿಡಿದು ಕೂತಿದ್ದಳು. ಕೊನೆಗೆ ತಂದು ತೋರಿಸಿದಳು. ಎರಡು ಗೆರೆ. ಒಂದು, ಉಪ್ಪು ಮೇಜಿಗೆ ತರಲು ನಾನು ಮರೆತಿದ್ದಕ್ಕೆ. ಇನ್ನೊಂದು, ಎಲ್ಲರ ಜೊತೆ ಕೈ ತೊಳೆಯೋಕೆ.